ಎಂಜಿನ್ ಅತಿಯಾಗಿ ಕಾಯುವುದೇಕೆ? ಸರಕು ವಾಹನಗಳ ಮಾಲೀಕರು ಅರಿತಿರಬೇಕಾದ ಸಂಗತಿಗಳು

ವಿಜಯಪುರದಿಂದ ಉತ್ತರಕ್ಕೆ ಹೊರಡುವ ಸೊಲ್ಲಾಪುರ ರಸ್ತೆಯು ತಿಡಗುಂದಿ, ಹೊರ್ತಿ, ಝಳಕಿಗಳನ್ನು ಹಾದು, ಧೂಳಖೇಡದ ಬಳಿ ಭೀಮಾ ನದಿಯನ್ನು ದಾಟಿ ಮಹಾರಾಷ್ಟ್ರವನ್ನು ಸೇರುತ್ತದೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 13 ಎಂದು ಹೆಸರಾಗಿದ್ದ ಈ ಮಾರ್ಗಕ್ಕೆ ಈಗ 52ರ ಸಂಖ್ಯೆಯಿದೆ. ಸುಮಾರು 100 ಕಿಲೋಮೀಟರುಗಳ ಈ ದಾರಿ ಜಿಲ್ಲೆಯ ವ್ಯಾಪಾರದ ಮುಖ್ಯ ನಾಡಿಗಳಲ್ಲೊಂದು. ತಿಕೋಟಾ ಮತ್ತು ಬಬಲೇಶ್ವರ ಭಾಗದ ದ್ರಾಕ್ಷಿ, ಒಣದ್ರಾಕ್ಷಿ, ಇಂಡಿ ಭಾಗದ ಲಿಂಬೆ, ಕಾಳುಕಡಿ ಮುಂತಾದ ಸರಕುಗಳ ಸಾಗಾಟ ಈ ರಸ್ತೆಯನ್ನು ಬಹುವಾಗಿ ಅವಲಂಬಿಸಿದೆ.

ದ್ರಾಕ್ಷಿಯ ಕೊಯ್ಲು ಮತ್ತು ಒಣದ್ರಾಕ್ಷಿಯ ಸಾಗಾಟ ಭರದಿಂದ ನಡೆಯುವುದು ಫೆಬ್ರುವರಿಯಿಂದ ಮೇ ತಿಂಗಳವರೆಗೆ. ಇದೇ ಅವಧಿಯಲ್ಲಿ ಬಿಸಿಲು ಏರುತ್ತಾ ಹೋಗಿ, ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಹೀಗಾಗಿ ವಾಹನವು ಅತ್ಯಧಿಕ ಭಾರ ಹೊರುವ ಕಾಲವೂ, ಅದರ ಎಂಜಿನ್ ತಂಪಾಗಲು ಅತ್ಯಂತ ಕಷ್ಟಪಡುವ ಕಾಲವೂ ಒಂದೇ ಆಗಿದೆ. ದಾರಿಯಲ್ಲಿ ಬಾನೆಟ್ ತೆರೆದು, ಹಬೆಯುಗುಳುತ್ತಾ ನಿಂತ ವಾಹನಗಳು ಈ ದಿನಗಳಲ್ಲಿ ಅಪರೂಪವಲ್ಲ.

ಎಂಜಿನ್ ಅತಿಯಾಗಿ ಕಾಯುವ ದೋಷವು ಬಹುಪಾಲು ಸಂದರ್ಭಗಳಲ್ಲಿ ಅಲ್ಪ ವೆಚ್ಚದ ಭಾಗವೊಂದರಿಂದ ಆರಂಭವಾಗುತ್ತದೆ. ರೇಡಿಯೇಟರಿನ ಮುಚ್ಚಳ, ರಬ್ಬರ್ ಪೈಪು, ಬೆಲ್ಟು, ಥರ್ಮೋಸ್ಟಾಟ್ ಇವುಗಳ ಪೈಕಿ ಯಾವುದೇ ಒಂದು ಕೆಟ್ಟರೂ ಸಾಕು. ಅದು ಭಾರಿ ವೆಚ್ಚದ ಎಂಜಿನ್ ದುರಸ್ತಿಯಾಗಿ ಪರಿಣಮಿಸುವುದು ಎರಡು ಕಾರಣಗಳಿಂದ: ಮುನ್ಸೂಚನೆ ಕಂಡ ಮೇಲೂ ವಾಹನವನ್ನು ಓಡಿಸುವುದು, ಹಾಗೂ ಮೂಲ ಕಾರಣವನ್ನು ಪತ್ತೆ ಮಾಡದೆ ನೀರು ತುಂಬಿ ಮುಂದುವರಿಯುವುದು.

ತಂಪುಗೊಳಿಸುವ ವ್ಯವಸ್ಥೆಯ ಕಾರ್ಯವಿಧಾನ

ಸ್ಥೂಲವಾಗಿ ಹೇಳುವುದಾದರೆ, ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಮೂರನೆಯ ಒಂದು ಪಾಲು ಮಾತ್ರ ಗಾಲಿಗಳನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಹೋಗುತ್ತದೆ. ಉಳಿದ ಪಾಲಿನ ಬಹುಭಾಗವನ್ನು ತಂಪುಗೊಳಿಸುವ ವ್ಯವಸ್ಥೆಯೇ ಹೊರಹಾಕಬೇಕು. ವಾಟರ್ ಪಂಪು ದ್ರವವನ್ನು ಬ್ಲಾಕ್ ಮತ್ತು ಹೆಡ್‌ಗಳೊಳಗಿನ ಕಾಲುವೆಗಳಲ್ಲಿ ಹರಿಸುತ್ತದೆ. ಕಾದ ದ್ರವವು ರೇಡಿಯೇಟರಿನ ತೆಳು ನಳಿಕೆಗಳಲ್ಲಿ ಇಳಿಯುವಾಗ ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು ಮರಳುತ್ತದೆ. ಜೇನುಗೂಡಿನಂತಹ ರೇಡಿಯೇಟರನ್ನು ವಿಲ್‌ಹೆಲ್ಮ್ ಮೇಬ್ಯಾಕ್ ಅವರು 1901ರ ಮರ್ಸಿಡಿಸ್ ಕಾರಿಗಾಗಿ ರೂಪಿಸಿದ ಕಾಲದಿಂದ ಇಂದಿನವರೆಗೆ ಈ ಮೂಲತತ್ವ ಬದಲಾಗಿಲ್ಲ.

ಥರ್ಮೋಸ್ಟಾಟ್ ಎಂಬುದು ಮೇಣ ತುಂಬಿದ ಒಂದು ಚಿಕ್ಕ ಕವಾಟ. ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿದ್ದು, ದ್ರವವು ರೇಡಿಯೇಟರಿಗೆ ಹೋಗದಂತೆ ತಡೆಯುತ್ತದೆ. ಸಾಮಾನ್ಯವಾಗಿ 80ರಿಂದ 90 ಡಿಗ್ರಿಗಳ ನಡುವೆ ಮೇಣ ಕರಗಿ ಹಿಗ್ಗಿದಾಗ ಕವಾಟ ತೆರೆಯುತ್ತದೆ.

ರೇಡಿಯೇಟರಿನ ಮುಚ್ಚಳವು ಕೇವಲ ಮುಚ್ಚಳವಲ್ಲ. ಅದು ಒತ್ತಡವನ್ನು ಹಿಡಿದಿಡುವ ಸಾಧನ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ವಿಜಯಪುರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಯಲ್ಲೇ ಕುದಿಯುತ್ತದೆ. ಮುಚ್ಚಳವು ಸುಮಾರು 1 ಬಾರ್ ಒತ್ತಡವನ್ನು ಹಿಡಿದರೆ ಆ ಮಿತಿ ಸುಮಾರು 120 ಡಿಗ್ರಿಗೆ ಏರುತ್ತದೆ. ನೀರಿಗೆ ಸಮಪ್ರಮಾಣದಲ್ಲಿ ಕೂಲಂಟ್ ಬೆರೆಸಿದರೆ ಇನ್ನೂ ಕೆಲವು ಡಿಗ್ರಿ ಮೇಲೇರುತ್ತದೆ. ರಬ್ಬರ್ ಉಂಗುರ ಸವೆದ ಮುಚ್ಚಳವೊಂದು ಈ ಲಾಭವನ್ನೆಲ್ಲ ಕಳೆದುಬಿಡುತ್ತದೆ.

ಜಿಲ್ಲೆಯ ನೀರು: ಕಾಣದ ಕಾರಣ

ಕಪ್ಪು ಕಲ್ಲಿನ ಪದರಗಳ ನಡುವಿನಿಂದ ಬರುವ ಈ ಭಾಗದ ಕೊಳವೆಬಾವಿಗಳ ನೀರು ಅನೇಕ ಕಡೆ ಗಡಸು. ಆಡುಮಾತಿನಲ್ಲಿ ಸವಳು ನೀರು. ಮನೆಗಳಲ್ಲಿ ನೀರು ಕಾಯಿಸುವ ಹೀಟರಿನ ಸುರುಳಿಯ ಮೇಲೆ ಬಿಳಿಯ ಹಕ್ಕಳೆ ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ನೀರನ್ನು ರೇಡಿಯೇಟರಿಗೆ ಸುರಿದಾಗ ಅದೇ ಹಕ್ಕಳೆ ಎಂಜಿನ್ನಿನ ಒಳಗೋಡೆಗಳ ಮೇಲೂ, ರೇಡಿಯೇಟರಿನ ಕಿರಿದಾದ ನಳಿಕೆಗಳಲ್ಲಿಯೂ ಕಟ್ಟುತ್ತದೆ. ಈ ಸುಣ್ಣದ ಪದರವು ಲೋಹಕ್ಕಿಂತ ಅನೇಕ ಪಟ್ಟು ಕಡಿಮೆ ಶಾಖವನ್ನು ದಾಟಿಸುತ್ತದೆ. ಆದ್ದರಿಂದ ಟ್ಯಾಂಕಿನಲ್ಲಿ ದ್ರವ ತುಂಬಿದ್ದರೂ ಎಂಜಿನ್ನಿನ ಶಾಖ ಹೊರಬರುವುದಿಲ್ಲ.

ಒಮ್ಮೆ ಸುರಿದ ನೀರಿನಿಂದ ದೊಡ್ಡ ಹಾನಿಯಿಲ್ಲ. ಸೋರಿಕೆಯಿರುವ ವಾಹನಕ್ಕೆ ಪ್ರತಿದಿನ ಒಂದು ಲೀಟರ್ ಸುರಿಯುವ ರೂಢಿಯೇ ಅಪಾಯಕಾರಿ. ಪ್ರತಿ ಲೀಟರಿನೊಡನೆ ಹೊಸ ಲವಣ ಒಳಸೇರುತ್ತದೆ, ಇದ್ದ ಕೂಲಂಟ್ ತೆಳುವಾಗುತ್ತದೆ, ತುಕ್ಕು ತಡೆಯುವ ಗುಣ ನಶಿಸುತ್ತದೆ. ಕೂಲಂಟ್ ಬೆರೆಸಲು ಬ್ಯಾಟರಿಗೆ ಬಳಸುವಂತಹ ಲವಣರಹಿತ ಶುದ್ಧ ನೀರನ್ನೇ ಬಳಸಬೇಕು. ಅಥವಾ ಮೊದಲೇ ಬೆರೆಸಿ ಮಾರುವ ಕೂಲಂಟನ್ನು ನೇರವಾಗಿ ತುಂಬಬೇಕು. ಕೂಲಂಟಿನ ಹಸಿರು, ಕೆಂಪು, ನೀಲಿ ಬಣ್ಣಗಳು ಗುಣಮಟ್ಟದ ಗುರುತಲ್ಲ. ವಾಹನದ ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯನ್ನೇ ಕೊಳ್ಳಬೇಕು, ಎರಡು ಬಗೆಗಳನ್ನು ಬೆರೆಸಬಾರದು.

ಮುಳ್ಳು ಏರಿದಾಗ ಚಾಲಕನ ಕರ್ತವ್ಯ

ವಾಹನ ಮಾಲೀಕರು ತಮ್ಮ ಚಾಲಕರಿಗೆ ಈ ಕೆಳಗಿನ ಕ್ರಮವನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು:

1. ಉಷ್ಣಮಾಪಕದ ಮುಳ್ಳು ಎಂದಿನ ಸ್ಥಾನಕ್ಕಿಂತ ಮೇಲೇರಿದ ಕೂಡಲೇ ಎ.ಸಿ. ನಿಲ್ಲಿಸಿ, ಹೀಟರ್ ಇದ್ದಲ್ಲಿ ಅದನ್ನು ಪೂರ್ಣವಾಗಿ ತೆರೆಯಬೇಕು. ಹೀಟರ್ ಸಹ ಒಂದು ಚಿಕ್ಕ ರೇಡಿಯೇಟರ್. ಅದು ಸ್ವಲ್ಪ ಶಾಖವನ್ನು ಹೊರಸೆಳೆಯುತ್ತದೆ.

2. ಮುಳ್ಳು ಕೆಂಪು ಗೆರೆಯನ್ನು ಮುಟ್ಟಿದರೆ ಅಥವಾ ಕೆಂಪು ದೀಪ ಹೊತ್ತಿದರೆ, ರಸ್ತೆಯ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ ಎಂಜಿನ್ ಆರಿಸಬೇಕು. "ಮುಂದಿನ ಊರು ಹತ್ತಿರವೇ ಇದೆ" ಎಂಬ ಲೆಕ್ಕಾಚಾರ ಸಲ್ಲದು. ಹೆಡ್ ಬಾಗಲು ಕೆಲವೇ ನಿಮಿಷಗಳು ಸಾಕು.

3. ಏರಿದ್ದ ಮುಳ್ಳು ಒಮ್ಮೆಲೇ ಕೆಳಗಿಳಿದರೆ ಎಂಜಿನ್ ತಣ್ಣಗಾಯಿತೆಂದು ಭಾವಿಸಬಾರದು. ದ್ರವವೆಲ್ಲ ಸೋರಿಹೋಗಿ ಸೆನ್ಸರ್ ಖಾಲಿ ಜಾಗದಲ್ಲಿ ಉಳಿದಾಗಲೂ ಮುಳ್ಳು ಇಳಿಯಬಹುದು. ಇದು ಎಲ್ಲಕ್ಕಿಂತ ಅಪಾಯದ ಸೂಚನೆ.

4. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ತೆರೆಯಲೇಬಾರದು. ಒತ್ತಡ ಬಿಟ್ಟೊಡನೆ 100 ಡಿಗ್ರಿ ಮೀರಿದ ದ್ರವವು ಹಬೆಯಾಗಿ ಚಿಮ್ಮಿ ಮುಖ, ಕೈಗಳನ್ನು ಸುಡುತ್ತದೆ. ಕನಿಷ್ಠ ಅರ್ಧ ಗಂಟೆ ಕಾಯಬೇಕು. ಮೇಲಿನ ಪೈಪು ಕೈಗೆ ಮೃದುವಾಗಿಯೂ ತಣ್ಣಗೂ ಇದ್ದಲ್ಲಿ ಮಾತ್ರ, ದಪ್ಪ ಬಟ್ಟೆ ಮುಚ್ಚಿ ನಿಧಾನವಾಗಿ ತಿರುಗಿಸಬೇಕು.

5. ಕಾದ ಎಂಜಿನ್ನಿನ ಮೇಲಾಗಲಿ ಒಳಗಾಗಲಿ ತಣ್ಣೀರು ಸುರಿಯಬಾರದು. ಕಾದ ಬೀಡು ಲೋಹವು ಹಠಾತ್ತನೆ ಕುಗ್ಗಿ ಬಿರಿಯುವ ಸಂಭವವಿದೆ.

ಮಾಲೀಕರ ಹೊಣೆಯೂ ಇಲ್ಲಿ ಮುಖ್ಯವಾದುದು. ತಡವಾದರೆ ಬೈಯುವ ಮಾಲೀಕರ ಚಾಲಕನು ಮುಳ್ಳನ್ನು ಕಂಡರೂ ನಿಲ್ಲಿಸಲಾರನು. ನಿಲ್ಲಿಸಿದ ಚಾಲಕನಿಂದ ತಪ್ಪಾಗಿಲ್ಲ, ಎಂಜಿನ್ ಉಳಿದಿದೆ ಎಂಬ ನಂಬಿಕೆಯನ್ನು ಮಾಲೀಕರೇ ಮೂಡಿಸಬೇಕು.

ಯಾವಾಗ ಕಾಯುತ್ತದೆ ಎಂಬುದೇ ಪತ್ತೆಯ ಮೊದಲ ಸುಳಿವು

ಗ್ಯಾರೇಜಿಗೆ ಹೋದಾಗ "ಗಾಡಿ ಕಾಯುತ್ತದೆ" ಎಂದಷ್ಟೇ ಹೇಳಿದರೆ ಸಾಲದು. ಯಾವ ಸ್ಥಿತಿಯಲ್ಲಿ ಕಾಯಿತು ಎಂಬುದನ್ನು ಚಾಲಕನಿಂದ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ನಗರದ ಸಂದಣಿಯಲ್ಲಿ ಕಾದು, ಹೆದ್ದಾರಿ ಸೇರಿದ ಮೇಲೆ ತಣ್ಣಗಾಗುವುದಾದರೆ ಗಾಳಿಯ ಕೊರತೆಯೆಂದು ತಿಳಿಯಬೇಕು. ವೇಗದಲ್ಲಿ ಗಾಳಿ ತಾನಾಗಿ ಬರುತ್ತದೆ. ನಿಂತಾಗ ಫ್ಯಾನೇ ಆಧಾರ. ವಿದ್ಯುತ್ ಫ್ಯಾನಿರುವ ವಾಹನಗಳಲ್ಲಿ ಫ್ಯೂಸ್, ರಿಲೇ, ಮೋಟಾರುಗಳನ್ನು ನೋಡಬೇಕು. ಹೆಚ್ಚಿನ ಕಾರುಗಳಲ್ಲಿ ಎ.ಸಿ. ಹಾಕಿದಾಗ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ದೋಷ ಅಲ್ಲಿಯೇ ಇದೆ. ದೊಡ್ಡ ಡೀಸೆಲ್ ವಾಹನಗಳಲ್ಲಿ ಫ್ಯಾನಿನ ಕ್ಲಚ್ ಸವೆದು ಜಾರುವುದುಂಟು.

ನಗರದಲ್ಲಿ ಸರಿಯಾಗಿದ್ದು, ಭಾರ ಹೇರಿ ಹೆದ್ದಾರಿಯಲ್ಲಿ ವೇಗವಾಗಿ ಓಡುವಾಗ ಕಾಯುವುದಾದರೆ ದ್ರವದ ಹರಿವು ಕುಂಠಿತವಾಗಿದೆ ಎಂದರ್ಥ. ಹಕ್ಕಳೆ ಕಟ್ಟಿದ ರೇಡಿಯೇಟರ್, ಅರ್ಧ ಮಾತ್ರ ತೆರೆಯುವ ಥರ್ಮೋಸ್ಟಾಟ್, ಸವೆದ ವಾಟರ್ ಪಂಪ್, ಒಳಗೆ ಎಳೆದುಕೊಂಡು ಚಪ್ಪಟೆಯಾಗುವ ಕೆಳಗಿನ ಪೈಪು ಇವನ್ನು ಪರೀಕ್ಷಿಸಬೇಕು. ಸೊಲ್ಲಾಪುರ ರಸ್ತೆಯಲ್ಲಿ ಹೇರಿನ ವಾಹನಗಳ ದೂರಿನಲ್ಲಿ ಮೊದಲು ಗಮನಿಸಬೇಕಾದ ಗುಂಪು ಇದೇ. ಮಿತಿಮೀರಿದ ಹೇರು ಮತ್ತು ಬಿಡದೆ ಹಿಡಿದುಕೊಂಡ ಬ್ರೇಕುಗಳೂ ಇದೇ ಲಕ್ಷಣವನ್ನು ತೋರುತ್ತವೆ.

ಆರಂಭಿಸಿದ ಕೆಲವೇ ನಿಮಿಷಗಳಲ್ಲಿ ಕಾಯುವುದಾದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಸಿಕ್ಕಿರಬಹುದು, ವ್ಯವಸ್ಥೆಯಲ್ಲಿ ಗಾಳಿ ಸೇರಿಕೊಂಡಿರಬಹುದು, ಇಲ್ಲವೇ ಹೆಡ್ ಗ್ಯಾಸ್ಕೆಟ್ ಸೀಳಿರಬಹುದು.

ಹೊರಗೆಲ್ಲೂ ಸೋರಿಕೆ ಕಾಣದೆ ದ್ರವ ಕಡಿಮೆಯಾಗುತ್ತಿದ್ದರೆ ಅದು ಎಂಜಿನ್ನಿನೊಳಗೆ ಹೋಗುತ್ತಿದೆಯೆಂಬ ಶಂಕೆ ಬಲವಾಗುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಗೆ ಬಂದ ಮೇಲಿನ ಹಲವು ಡೀಸೆಲ್ ಎಂಜಿನ್ನುಗಳಲ್ಲಿ, ಮರುಬಳಕೆಯ ಹೊಗೆಯನ್ನು ತಣಿಸುವ ಇಜಿಆರ್ ಕೂಲರಿನೊಳಗಿನ ಸೋರಿಕೆಯೂ ಹೀಗೆಯೇ ಕಾಣಿಸಿಕೊಳ್ಳಬಹುದು. ಅದನ್ನು ಪರೀಕ್ಷಿಸದೆ ಹೆಡ್ ಬಿಚ್ಚಿಸುವುದು ಅನಗತ್ಯ ವೆಚ್ಚಕ್ಕೆ ದಾರಿ.

ಅಲ್ಪ ವೆಚ್ಚದಿಂದ ಅಧಿಕ ವೆಚ್ಚದ ಕಡೆಗೆ

ಪರೀಕ್ಷೆಯನ್ನು ಸುಲಭವಾದುದರಿಂದ ಆರಂಭಿಸಿ ಕಠಿಣವಾದುದರ ಕಡೆಗೆ ಸಾಗಬೇಕು. ತಣ್ಣಗಿನ ಎಂಜಿನ್ನಿನಲ್ಲಿ ದ್ರವದ ಮಟ್ಟ ನೋಡುವುದು ಮೊದಲ ಹೆಜ್ಜೆ. ಅನಂತರ ಮುಚ್ಚಳ: ಉಂಗುರ ಬಿರುಕು ಬಿಟ್ಟಿದ್ದರೆ, ಸ್ಪ್ರಿಂಗ್ ಸಡಿಲವಾಗಿದ್ದರೆ ಅದೇ ಒತ್ತಡದ ಹೊಸ ಮುಚ್ಚಳ ಹಾಕಬೇಕು. ತಣ್ಣಗಾದ ಮೇಲೆ ಮೇಲಿನ ಪೈಪು ಚಪ್ಪಟೆಯಾಗಿ ಕುಗ್ಗಿದ್ದರೆ, ಹೆಚ್ಚುವರಿ ಡಬ್ಬಿಯಿಂದ ದ್ರವವನ್ನು ಮರಳಿ ಎಳೆದುಕೊಳ್ಳುವ ಮುಚ್ಚಳದ ಒಳಕವಾಟ ಕೆಟ್ಟಿದೆಯೆಂದು ತಿಳಿಯಬಹುದು.

ಬಳಿಕ ಬೆಲ್ಟಿನ ಬಿಗಿ, ಪೈಪುಗಳ ಉಬ್ಬು, ಕ್ಲಿಪ್ಪುಗಳ ಬಳಿಯ ಬಿಳಿ ಅಥವಾ ಹಸಿರು ಕಲೆ, ವಾಟರ್ ಪಂಪಿನ ತಳದ ಚಿಕ್ಕ ರಂಧ್ರದಿಂದ ಒಸರುವ ಹನಿ ಇವನ್ನು ನೋಡಬೇಕು. ಕಣ್ಣಿಗೆ ಕಾಣದ ಸೋರಿಕೆಯನ್ನು, ಎಂಜಿನ್ ತಣ್ಣಗಿರುವಾಗ ಕೈಪಂಪಿನಿಂದ ಮುಚ್ಚಳದ ಮೇಲೆ ನಮೂದಿಸಿದಷ್ಟೇ ಒತ್ತಡ ಕೊಟ್ಟು ಕಂಡುಹಿಡಿಯುತ್ತಾರೆ.

ರೇಡಿಯೇಟರಿನ ಹೊರಮೈಯನ್ನೂ ಮರೆಯುವಂತಿಲ್ಲ. ಹೊಲದ ಕಚ್ಚಾ ದಾರಿಗಳ ಕಪ್ಪು ಮಣ್ಣಿನ ಧೂಳು, ಹೊಟ್ಟು, ಕೀಟಗಳು ರೇಡಿಯೇಟರಿನ ಪದರಗಳ ನಡುವೆ ತುಂಬಿಕೊಂಡು ಗಾಳಿಯನ್ನು ತಡೆಯುತ್ತವೆ. ಎಂಜಿನ್ ಕಡೆಯಿಂದ ಹೊರಮುಖವಾಗಿ, ಮೆಲ್ಲಗಿನ ನೀರಿನ ಧಾರೆಯಿಂದ ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಬಿರುಸಿನ ಧಾರೆಯನ್ನು ಹತ್ತಿರದಿಂದ ಹಿಡಿದರೆ ತೆಳು ಪದರಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ.

ಥರ್ಮೋಸ್ಟಾಟನ್ನು ಪರೀಕ್ಷಿಸುವುದು ಸರಳ. ಅದನ್ನು ಬಿಚ್ಚಿ, ತಳ ಮುಟ್ಟದಂತೆ ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಉಷ್ಣಮಾಪಕವನ್ನಿಟ್ಟು ಕಾಯಿಸಬೇಕು. ಅದರ ಮೇಲೆ ನಮೂದಿಸಿದ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲಾರಂಭಿಸಿ, ಮತ್ತೆ ಹತ್ತು ಹದಿನೈದು ಡಿಗ್ರಿಯೊಳಗೆ ಪೂರ್ಣ ತೆರೆದರೆ ಸರಿಯಾಗಿದೆ.

ಒಳಗಿನ ಹಕ್ಕಳೆ ಕಡಿಮೆಯಿದ್ದರೆ ಇದಕ್ಕಾಗಿಯೇ ಮಾರುವ ದ್ರಾವಣದಿಂದ ತೊಳೆದರೆ ಸಾಕು. ಶೌಚಾಲಯ ತೊಳೆಯುವ ಆಮ್ಲವನ್ನು ಬಳಸಿದರೆ ಅಲ್ಯೂಮಿನಿಯಂ ಭಾಗಗಳು ಕೊರೆದುಹೋಗುತ್ತವೆ. ನಳಿಕೆಗಳು ಪೂರ್ತಿ ಕಟ್ಟಿದ್ದರೆ ಒಳಭಾಗವನ್ನು ಅಥವಾ ರೇಡಿಯೇಟರನ್ನೇ ಬದಲಾಯಿಸುವುದು ಅನಿವಾರ್ಯ. ಯಾವ ಕೆಲಸದ ಬಳಿಕವೂ ದ್ರವ ತುಂಬುವಾಗ ಹೀಟರ್ ತೆರೆದಿಟ್ಟು, ಗಾಳಿ ಬಿಡುವ ಸ್ಕ್ರೂ ಇದ್ದಲ್ಲಿ ಅದನ್ನು ಸಡಿಲಿಸಿ, ಒಳಗಿನ ಗಾಳಿಯನ್ನೆಲ್ಲ ಹೊರಹೋಗಿಸಬೇಕು.

ಥರ್ಮೋಸ್ಟಾಟ್ ತೆಗೆದುಹಾಕುವ ರೂಢಿ

"ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ" ಎಂದು ಅದನ್ನು ಕಿತ್ತೆಸೆಯುವ ಸಲಹೆ ಹಲವೆಡೆ ಕೇಳಿಬರುತ್ತದೆ. ಇದು ಚಿಕಿತ್ಸೆಯಲ್ಲ. ಹೇರಿಲ್ಲದೆ ಓಡುವಾಗ ಎಂಜಿನ್ ತಕ್ಕ ಬಿಸಿಗೆ ಬಾರದೆ ಇಂಧನ ಹೆಚ್ಚು ವ್ಯಯವಾಗುತ್ತದೆ, ಸವೆತ ಹೆಚ್ಚುತ್ತದೆ. ಅನೇಕ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅಡ್ಡದಾರಿಯ ನಾಳವನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅಂತಹ ಎಂಜಿನ್ನಿನಿಂದ ಅದನ್ನು ತೆಗೆದರೆ, ಕಾದ ದ್ರವದ ಒಂದು ಭಾಗ ರೇಡಿಯೇಟರಿಗೆ ಹೋಗದೆಯೇ ಸುತ್ತುತ್ತದೆ. ತಂಪಾಗಲೆಂದು ಮಾಡಿದ ಉಪಾಯದಿಂದಲೇ ಹೇರಿನ ಸಮಯದಲ್ಲಿ ಎಂಜಿನ್ ಇನ್ನಷ್ಟು ಕಾಯುತ್ತದೆ. ಹೊಸ ಥರ್ಮೋಸ್ಟಾಟಿನ ಬೆಲೆಯನ್ನು ಎಂಜಿನ್ ಬಿಚ್ಚುವ ವೆಚ್ಚದೊಡನೆ ಹೋಲಿಸಿದರೆ ಉಳಿತಾಯವೆಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಹೆಡ್ ಗ್ಯಾಸ್ಕೆಟ್: ಅಂತಿಮ ಹಂತ

ಅಲ್ಯೂಮಿನಿಯಂ ಲೋಹವು ಬೀಡು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆದ್ದರಿಂದ ಬೀಡಿನ ಬ್ಲಾಕಿನ ಮೇಲೆ ಕುಳಿತ ಅಲ್ಯೂಮಿನಿಯಂ ಹೆಡ್ ಅತಿಯಾಗಿ ಕಾದಾಗ ಬಾಗಿ, ನಡುವಿನ ಗ್ಯಾಸ್ಕೆಟ್ ಸೀಳುತ್ತದೆ. ಎಂಜಿನ್ ಆಯಿಲ್ ಹಾಲು ಬೆರೆತ ಚಹಾದಂತೆ ಕಾಣುವುದು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿವಾಸನೆಯ ಬಿಳಿ ಹೊಗೆ ಬರುವುದು, ರೇಡಿಯೇಟರಿನಲ್ಲಿ ನಿರಂತರ ಗುಳ್ಳೆಗಳೇಳುವುದು, ಬೆಳಿಗ್ಗೆ ಆರಂಭಿಸಿದ ಕೂಡಲೇ ಮೇಲಿನ ಪೈಪು ಗಟ್ಟಿಯಾಗುವುದು ಇದರ ಲಕ್ಷಣಗಳು.

ಹೆಡ್ ಬಿಚ್ಚಿದಾಗ ಗ್ಯಾಸ್ಕೆಟ್ ಬದಲಿಸಿದರಷ್ಟೇ ಸಾಲದು. ಹೆಡ್ ಸಮತಟ್ಟಾಗಿದೆಯೇ ಎಂದು ನೇರಪಟ್ಟಿ ಮತ್ತು ಫೀಲರ್ ಗೇಜಿನಿಂದ ಅಳೆಯಿಸಬೇಕು, ಬಿರುಕಿಗಾಗಿ ಒತ್ತಡ ಪರೀಕ್ಷೆ ಮಾಡಿಸಬೇಕು, ಬೋಲ್ಟುಗಳನ್ನು ತಯಾರಕರು ಹೇಳಿದ ಅನುಕ್ರಮದಲ್ಲಿ ಟಾರ್ಕ್ ಪಾನಾದಿಂದ ಬಿಗಿಯಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಮೊದಲು ಕಾಯಲು ಕಾರಣವೇನೆಂದು ಗ್ಯಾರೇಜಿನವರಿಂದ ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಬೇಕು. ಆ ಕಾರಣ ಉಳಿದರೆ ಹೊಸ ಗ್ಯಾಸ್ಕೆಟ್ಟೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ವಿಮೆ ಮತ್ತು ಇ-ವೇ ಬಿಲ್

ಸಾಮಾನ್ಯ ವಾಹನ ವಿಮಾ ಪಾಲಿಸಿಗಳಲ್ಲಿ ಸವೆತ ಮತ್ತು ಯಾಂತ್ರಿಕ ವೈಫಲ್ಯದ ನಷ್ಟವನ್ನು ಹೊರಗಿಡಲಾಗಿರುತ್ತದೆ. ಕಾದು ಕೆಟ್ಟ ಎಂಜಿನ್ನಿನ ವೆಚ್ಚ ವಿಮೆಯಿಂದ ಬರುತ್ತದೆಂದು ಭಾವಿಸಬಾರದು. ಎಂಜಿನ್ ರಕ್ಷಣೆಯ ಹೆಚ್ಚುವರಿ ಸೌಲಭ್ಯ ಪಡೆದವರೂ ಅದರ ಷರತ್ತುಗಳನ್ನು ಓದಿಕೊಳ್ಳುವುದು ಒಳಿತು.

ಇ-ವೇ ಬಿಲ್ ಅಗತ್ಯವಿರುವ ಸರಕಿನ ವಾಹನ ದಾರಿಯಲ್ಲಿ ನಿಂತಾಗ ಗಡಿಯಾರದ ಕಡೆಗೂ ಗಮನವಿರಬೇಕು. 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ ನಿಗದಿಯಾಗಿದೆ. ಸರಕನ್ನು ಬೇರೆ ವಾಹನಕ್ಕೆ ವರ್ಗಾಯಿಸಿದರೆ, ಹೊರಡುವ ಮುನ್ನವೇ ಬಿಲ್ಲಿನ 'ಬಿ' ಭಾಗದಲ್ಲಿ ಹೊಸ ವಾಹನದ ಸಂಖ್ಯೆಯನ್ನು ನಮೂದಿಸಬೇಕು. ಅವಧಿ ಮೀರುವಂತಿದ್ದರೆ, ಮುಗಿಯುವ ಸಮಯದ ಹಿಂದಿನ ಅಥವಾ ಮುಂದಿನ 8 ಗಂಟೆಗಳೊಳಗೆ ವಿಸ್ತರಿಸಿಕೊಳ್ಳಲು ಅವಕಾಶವಿದೆ. ಧೂಳಖೇಡದ ಆಚೆ ವಾಹನ ಬದಲಾಯಿಸಿ ಹಳೆಯ ಸಂಖ್ಯೆಯ ಬಿಲ್ಲಿನೊಡನೆ ಸಾಗಿದರೆ, ಎಂಜಿನ್ ಕೆಟ್ಟ ನಷ್ಟದ ಜೊತೆಗೆ ದಂಡದ ಹೊರೆಯೂ ಬೀಳಬಹುದು.

ಕಾರ್ಖಾನೆಯ ಜನರೇಟರಿಗೂ ಇದೇ ನಿಯಮ

ಸಣ್ಣ ಉದ್ದಿಮೆಗಳಲ್ಲಿನ ಡೀಸೆಲ್ ಜನರೇಟರುಗಳಿಗೂ ಮೇಲಿನ ಮಾತುಗಳು ಅನ್ವಯಿಸುತ್ತವೆ. ಅವುಗಳಿಗೆ ಓಟದ ಗಾಳಿಯಿಲ್ಲದ ಕಾರಣ ಕೋಣೆಯ ಗಾಳಿಸಂಚಾರವೇ ಮುಖ್ಯ. ರೇಡಿಯೇಟರಿನಿಂದ ಹೊರಟ ಬಿಸಿಗಾಳಿ ಕೋಣೆಯಲ್ಲೇ ಸುತ್ತದೆ ನೇರವಾಗಿ ಹೊರಹೋಗುವಂತಿರಬೇಕು. ಒಳಬರುವ ಗಾಳಿಯ ಕಿಂಡಿ ರೇಡಿಯೇಟರಿನ ಮುಖಕ್ಕಿಂತ ಕಿರಿದಾಗಿರಬಾರದು. ಅತಿಯಾಗಿ ಕಾದಾಗ ಯಂತ್ರವನ್ನು ತಾನಾಗಿ ನಿಲ್ಲಿಸುವ ಸ್ವಿಚ್ಚನ್ನು "ಪದೇ ಪದೇ ನಿಲ್ಲುತ್ತದೆ" ಎಂದು ತಂತಿ ಜೋಡಿಸಿ ನಿಷ್ಕ್ರಿಯಗೊಳಿಸುವುದು, ಕಾವಲುಗಾರನನ್ನು ಬಿಡಿಸಿ ಗೋದಾಮು ತೆರೆದಿಟ್ಟಂತೆ.

ಹಂಗಾಮಿಗೆ ಮುನ್ನ ಕೈಗೊಳ್ಳಬೇಕಾದ ಕ್ರಮಗಳು

- ಪ್ರತಿ ವರ್ಷ ಜನವರಿಯಲ್ಲಿ, ಹೇರು ಆರಂಭವಾಗುವ ಮುನ್ನ, ಮುಚ್ಚಳ, ಪೈಪು, ಬೆಲ್ಟು, ಫ್ಯಾನುಗಳನ್ನು ಪರೀಕ್ಷಿಸಿ ರೇಡಿಯೇಟರನ್ನು ಹೊರಗಿನಿಂದ ತೊಳೆಸುವುದು.
- ಕೈಪಿಡಿಯಲ್ಲಿ ಹೇಳಿದ ಅವಧಿಗೆ ಕೂಲಂಟನ್ನು ಪೂರ್ಣವಾಗಿ ಬದಲಾಯಿಸಿ, ದಿನಾಂಕವನ್ನು ವಾಹನದ ಪುಸ್ತಕದಲ್ಲಿ ಬರೆಯುವುದು.
- ವಾಹನದಲ್ಲಿ ಬೆರೆಸಿದ ಕೂಲಂಟಿನ ಐದು ಲೀಟರ್ ಡಬ್ಬಿ, ಒಂದು ಹೆಚ್ಚುವರಿ ಬೆಲ್ಟು, ಎರಡು ಕ್ಲಿಪ್ಪು, ದಪ್ಪ ಬಟ್ಟೆ ಇರಿಸುವುದು.
- ಚಾಲಕನು ದ್ರವ ತುಂಬಿದ ಪ್ರತಿ ಸಲವೂ ದಿನಾಂಕ, ಪ್ರಮಾಣಗಳನ್ನು ಬರೆದಿಡುವುದು. ಎರಡನೆಯ ಬಾರಿ ತುಂಬಬೇಕಾಗಿ ಬಂದರೆ ಸೋರಿಕೆಯನ್ನು ಹುಡುಕಿಸುವುದು.
- ಹಳೆಯ ಕೂಲಂಟ್ ವಿಷಕಾರಿ ಮತ್ತು ರುಚಿಗೆ ಸಿಹಿ. ಮಕ್ಕಳು, ದನಕರು, ನಾಯಿಗಳ ಬಾಯಿಗೆ ಸಿಗದಂತೆ ಸಂಗ್ರಹಿಸುವುದು, ಚರಂಡಿಗೆ ಸುರಿಯದಿರುವುದು.

ವ್ಯಾಪಾರದಲ್ಲಿ ಖಾತೆಯ ಪುಸ್ತಕಕ್ಕೆ ಯಾವ ಸ್ಥಾನವಿದೆಯೋ ಸಾಗಾಟದಲ್ಲಿ ಉಷ್ಣಮಾಪಕದ ಮುಳ್ಳಿಗೂ ಅದೇ ಸ್ಥಾನವಿದೆ. ಅದು ಏರಿದ ದಿನವೇ ಕಾರಣವನ್ನು ಹುಡುಕಿದವರ ವೆಚ್ಚ ಒಂದು ಮುಚ್ಚಳ ಅಥವಾ ಪೈಪಿನಲ್ಲಿ ಮುಗಿಯುತ್ತದೆ. ನೀರು ತುಂಬಿ ಮುಂದೂಡಿದವರಾದರೋ ಹಂಗಾಮಿನ ನಡುವೆಯೇ ವಾಹನವನ್ನೂ ಬಾಡಿಗೆಯನ್ನೂ ಗಿರಾಕಿಯ ವಿಶ್ವಾಸವನ್ನೂ ಕಳೆದುಕೊಳ್ಳಬೇಕಾಗುತ್ತದೆ.